ಅಂಚಿನಲ್ಲಿ ಬರೆದದ್ದು

ಟೈರು ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಚೇರಿ.
ಕೆಳಗೆ ಕಾದ ರಬ್ಬರಿನ ವಾಸನೆ,
ಗೋಡೆಯ ಮೇಲೆ ಜೋಳದ ಹೊಲದಲ್ಲಿ ನಿಂತು ನಗುವ ಸೆನೆಟರ್.
ನೆಬ್ರಾಸ್ಕಾದ ಈ ಮೂಲೆಯಲ್ಲಿ ಅವರ ಕಿವಿ ಅಂದರೆ ನಾನು:
ಕಾರ್ವಿನ್, ಇಪ್ಪತ್ಮೂರು ವರ್ಷ, ಒಂದು ಫೋನು, ಒಂದು ಪೆನ್ಸಿಲು.

ಮಸೂದೆಗೊಂದು ಸಂಖ್ಯೆಯಿತ್ತು, ಯಾರಿಗೂ ನೆನಪಿರುತ್ತಿರಲಿಲ್ಲ.
"ಅದೇ, ಮಕ್ಕಳಾಗಿ ಗಡಿ ದಾಟಿದವರದ್ದು" ಅನ್ನುವರು.
ಹಾಳೆಯಲ್ಲಿ ಎರಡೇ ಮನೆ: ಪರ, ವಿರುದ್ಧ.
ಹೆಸರು ಕೇಳು, ಜಿಪ್ ಕೋಡ್ ಕೇಳು,
ವಾದಕ್ಕಿಳಿಯಬೇಡ, ಗೀಟು ಹಾಕು.
ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.
ಸಂಜೆ ವಾಷಿಂಗ್ಟನ್ನಿಗೆ ಹೋಗುವುದು ಬರೀ ಮೊತ್ತ.

ಬೈದವರಿಗೂ ಒಂದು ಗೀಟು, ಅತ್ತವರಿಗೂ ಒಂದೇ.
ಮಾಂಸದ ಕಾರ್ಖಾನೆಯಿಂದ, ಹತ್ತು ನಿಮಿಷದ ವಿರಾಮದಲ್ಲಿ,
ಹಿಂದೆ ಗರಗಸದ ಸದ್ದು,
ಒಬ್ಬ ಐದಂಕಿ ಹೇಳಿ ಉಸಿರು ಹಿಡಿದ.
"ಅಷ್ಟೇನಾ?"
"ಅಷ್ಟೇ."
ರಾತ್ರಿಯಿಡೀ ಬಾಯಿಪಾಠ ಮಾಡಿದ್ದನೇನೋ.

ಆಮೇಲೆ ಆರ್ಡಿತ್ ನೈಕ್ವಿಸ್ಟ್. ದಿನಾ, ಒಂಬತ್ತು ಗಂಟೆ ಐದು ನಿಮಿಷಕ್ಕೆ.
ಎಂಬತ್ತೊಂದು ವರ್ಷ. ಹೋದ ವರ್ಷದ ಹಾಳೆಯಲ್ಲಿ
ಇದೇ ಹೆಸರು ವಿರುದ್ಧದ ಮನೆಯಲ್ಲಿದೆ.
"ಮನಸ್ಸು ಬದಲಾಯಿಸಿದೆ ಕಣಪ್ಪ, ಕಾರಣ ಬರಕೊ."
ಕಾರಣಕ್ಕೆ ಜಾಗವಿಲ್ಲ ಅಂದೆ.
"ಅಂಚು ಇದೆಯಲ್ಲ?"
ಇತ್ತು. ಬರೆದೆ:
*ಮಾರಿಸೆಲಾ. ನನಗೆ ಬಗ್ಗಲಾಗದು.
ಅವಳು ನೆಲಕ್ಕೆ ಕೂತು ನನ್ನ ಕಾಲುಗುರು ಕತ್ತರಿಸುತ್ತಾಳೆ.
ಒಂದೊಂದು ಬೆರಳಿಗೂ ಕೇಳುತ್ತಾಳೆ, ನೋವಾಯಿತಾ ಅಂತ.*

ಒಂದು ಶುಕ್ರವಾರ ಅವಸರದಲ್ಲಿ
ಮೊತ್ತದ ಬದಲು ಹಾಳೆಯನ್ನೇ ಕಳಿಸಿಬಿಟ್ಟೆ, ಅಂಚಿನ ಸಮೇತ.
ಸೋಮವಾರ ಸೆನೆಟರ್ ಖುದ್ದು ಫೋನಿನಲ್ಲಿ, ಏನೋ ಜಗಿಯುತ್ತಾ:
"ಯಾರಯ್ಯಾ ಈ ಉಗುರಿನ ಹೆಂಗಸು?"
ಎಷ್ಟು ಅನ್ನುವುದನ್ನು ಬಿಟ್ಟು
ಅವರು ನನ್ನನ್ನು ಇನ್ನೇನಾದರೂ ಕೇಳಿದ್ದು ಅದೇ ಮೊದಲು.
"ದಿನಾ ಮಾಡ್ತಾರಾ?"
"ದಿನಾ ಸರ್. ಭಾನುವಾರ ಯಂತ್ರಕ್ಕೆ ಹೇಳ್ತಾರೆ."
ಜಗಿಯುವುದು ನಿಂತಿತು.
"ವಿರುದ್ಧ ಎಷ್ಟು?"
"ಆರುನೂರ ಮೂರು. ಹೋದ ತಿಂಗಳು ಒಂಬೈನೂರು ದಾಟಿತ್ತು."
"ಹ್ಞೂಂ."

ಆ ಹ್ಞೂಂ ಏನು ಮಾಡಿತೋ, ನನ್ನ ಹತ್ತಿರ ಸಾಕ್ಷಿಯಿಲ್ಲ.
ಸಮಿತಿಯಲ್ಲಿ ನಾಲ್ಕನೆಯ ಕಲಮು ತಿದ್ದುಪಡಿಯಾಯಿತು:
ಹದಿನಾರು ತುಂಬುವ ಮೊದಲು ಬಂದವರು ಎಂದಿದ್ದಲ್ಲಿ
ಹದಿನೆಂಟು.
ಪತ್ರಿಕೆಯವರಿಗೆ ಅವರು ಹೇಳಿದ್ದು ಕೂಲಿಯಾಳಿನ ಕೊರತೆಯ ಬಗ್ಗೆ.
ಉಗುರಿನ ಮಾತು ಬರಲಿಲ್ಲ.

ನಾವಾಗಿ ಯಾರಿಗೂ ಕರೆ ಮಾಡುವಂತಿಲ್ಲ. ಮಾಡಿದೆ.
ಆರ್ಡಿತ್ ರಿಸೀವರಿಗೆ ಕೈ ಅಡ್ಡ ಇಟ್ಟು
ಕೋಣೆಯಲ್ಲಿದ್ದ ಯಾರನ್ನೋ ಏನೋ ಕೇಳಿದರು.
ತುಂಬ ಹೊತ್ತು.
ಕೆಳಗೆ ಯಾವುದೋ ಲಾರಿಯ ಚಕ್ರದ ನಟ್ಟು ಕಿರುಚಿಕೊಂಡಿತು.
"ದಾಟಿದಾಗ ಅವಳಿಗೆ
ಹದಿನೆಂಟು ತುಂಬಿ ನಾಲ್ಕು ತಿಂಗಳಾಗಿತ್ತಂತೆ."

ಏನು ಹೇಳಲಿ?
ಪೆನ್ಸಿಲಿನ ತುದಿ ನೋಡುತ್ತಾ ಕೂತೆ.
"ಇವತ್ತಿನ ಗೀಟು ಹಾಕಿದೆಯಾ?"
"ಇದು ನಾನು ಮಾಡಿದ ಕರೆ, ಮೇಡಂ. ಲೆಕ್ಕಕ್ಕೆ ಬರೋದಿಲ್ಲ."
"ಹಾಗಾದ್ರೆ ಇಡು ಫೋನು."

ಇಟ್ಟೆ. ಕೈ ತೆಗೆಯುವ ಮೊದಲೇ ಅದು ಬಡಿದುಕೊಂಡಿತು.
ನಿಯಮದಂತೆ ಹೆಸರು ಕೇಳಿದೆ. ಹೇಳಿದರು.
ಜಿಪ್ ಕೋಡ್ ಕೇಳಿದೆ.
ಮೊದಲ ಸಲ ಹೇಳುವವರ ಹಾಗೆ
ಒಂದೊಂದೇ ಅಂಕಿ, ನಿಧಾನಕ್ಕೆ,
ಐದನ್ನೂ ಹೇಳಿದರು.