ಒಂಬತ್ತು ಸ್ಕ್ರೂ

ಹನ್ನೊಂದು ಇರಬೇಕಿತ್ತು ಇರಣ್ಣ ಕಾಕಾ,
ಒಂಬತ್ತೇ ಅದಾವ.
ಉಳಿದೆರಡು ಯಾರ ಟೇಬಲ್ಲಿನ ಕೆಳಗ ಬಿದ್ದಾವೋ.
ಕುಂದರ್ರಿ, ಫ್ಯಾನಿನ ಕೆಳಗ ಕುಂದರ್ರಿ,
ಸೊಲ್ಲಾಪುರದಾಗ ಇವತ್ತು ನಲವತ್ಮೂರು ಡಿಗ್ರಿ,
ಅಕ್ಕಲಕೋಟ ನಾಕಾದ ಡಾಂಬರು ಚಪ್ಪಲಿಗೆ ಹತ್ತೂ ಹೊತ್ತು.
ಇಂಥಾ ಬಿಸಲಾಗ ಸ್ಕೂಟರಿನ ಡಿಕ್ಕಿಯೊಳಗ ಇಟ್ಟು ತಂದ್ರಿ ಇದನ್ನ?
ಹಾಲು ತರೂವಾಗ ಹಿಂಗ ತರತೀರೇನು?

ಮಹಾನಂದಾ ನಿಧಾನ, ಅಂತೀರಿ.
ನಿಧಾನೇ ಐತಿ. ಹೆದರಬ್ಯಾಡ್ರಿ,
ಮುಚ್ಚಳ ತೆಗದ್ರ ಎಲ್ಲಾರ ಮನಿನೂ ಹಿಂಗ.
ಕೀ ಸಂದ್ಯಾಗ ಶೇಂಗಾ ಚಟ್ನಿ,
ಎಣ್ಣಿ ಇಳದು
ಎಂಟರ್ ಒತ್ತಿದ್ರ ಎಂಟರ್ ಮ್ಯಾಲ ಏಳವಲ್ದು.
ಇಲ್ಲಿ ಕಡಕ್ ರೊಟ್ಟಿ ಚೂರು,
ಅದನ್ನ ಹುಡುಕ್ಕೊಂಡು ಬಂದ ಒಂದು ಇರುವಿ,
ಪಾಪ, ಮದರ್‌ಬೋರ್ಡಿನ ಮ್ಯಾಲೇ ಸತ್ತೈತಿ.
ಮೊಮ್ಮಗಳು ಉಣ್ಣಕೋತ ಓದತಾಳ, ಹೌದಲ್ಲ?
ಬೈಬ್ಯಾಡ್ರಿ. ತಾಟು ದೂರ ಇಡು ಅನ್ರಿ,
ಚಹಾ ಅಂತೂ ಬ್ಯಾರೆ ಮಣಿ ಮ್ಯಾಲ.

ಮತ್ತ ಇದೇನು, ಕುಲಾಯಿ ಹೆಣೆದೀರಿ ಇದಕ್ಕ?
ಕಾಕು ಹೆಣೆದದ್ದಾ? ಚಂದ ಐತಿ, ನಾಲ್ಕೂ ಮೂಲಿಗೆ ಹೂವು.
ಬಂದ್ ಮಾಡಿ ಆರಿದ ಮ್ಯಾಲ ಹೊಚ್ಚರಿ.
ನಡಿಯೂ ಮಶೀನಿಗೆ ಹೊಚ್ಚಿದ್ರ
ಜ್ವರ ಬಂದ ಕೂಸಿಗೆ ಎರಡು ಕೌದಿ ಹೊಚ್ಚಿಧಂಗ.
ಕೌದಿ ಮ್ಯಾಲೂ ಇಡಬ್ಯಾಡ್ರಿ. ಇದು ಹೊಟ್ಟಿಲೆ ಉಸರಾಡತೈತಿ.
ಬುಡಕ ಒಂದು ಹಲಗಿ ಇರಲಿ,
ಹಿಂದಿನ ಬದಿ ಎತ್ತಾಕ ನಿಮ್ಮ ಹಳೇ ಖಾತೆ ವಹಿ ಸಾಕು.

ಇಲ್ಲಿ ಬೆರಳು ಇಡಬ್ಯಾಡ್ರಿ.
ತವಿ ಮ್ಯಾಲ ರೊಟ್ಟಿ ಉಬ್ಬಿದ್ರ ಹಸಿವಿ ಹೆಚ್ಚಾಗತೈತಿ,
ಬ್ಯಾಟರಿ ಉಬ್ಬಿದ್ರ ಮನಿ ಮಂದಿ ಹೆದರಬೇಕು.
ಒತ್ತಬಾರದು, ಚುಚ್ಚಬಾರದು, ಕಸದ ಗಾಡಿಗೆ ಹಾಕಬಾರದು.
ನಾನು ಈ ಉಸುಕಿನ ಡಬ್ಬಿಯೊಳಗ ಇಡತೀನಿ,
ಹೊಸಾದ್ದು ಪುಣೆದಿಂದ ಶುಕ್ರವಾರ ಬರತೈತಿ,
ಅಲ್ಲೀತನ ವೈರ್ ಹಚ್ಚಿ ನಡಸ್ರಿ.
ರಾತ್ರಿ ತಲಿದಿಂಬಿನ ಬಾಜೂ ಚಾರ್ಜಿಗೆ ಹಚ್ಚಿ ಮಲಗತಾಳೇನು ಆಕಿ?
ಹೂಂ ಅನಬ್ಯಾಡ್ರಿ. ನನಗ ಕೇಳಾಕ ಆಗೂದಿಲ್ಲ.

ಈಗ ಫ್ಯಾನು.
ತಡೀರಿ.

ಇದು ಮನಿ ಧೂಳಲ್ಲ ಕಾಕಾ.
ಹತ್ತಿ.
ಚಿಮಟಿಗಿಲೆ ಎಳದ್ರ ಬರಾಕ್ಹತ್ತೈತಿ ಪದರ ಪದರ,
ಮ್ಯಾಲ ಬೂದಿ, ಅದರ ಕೆಳಗ ಹಸರು,
ಎಲ್ಲಾಕಿಂತ ಕೆಳಗ ಆ ಕೆಂಪು,
ನವಿಲಿನ ಚಾದರದ ಅಂಚಿಗೆ ಬರತಿತ್ತಲ್ಲ, ಆ ಕೆಂಪು.
ಕಾರಖಾನಿ ಆಫೀಸಿನ್ಯಾಗ ಇದ್ದದ್ದು ಇದೇ ಏನು?
ಪಗಾರ ಪಟ್ಟಿ ನೀವು ಇದರಾಗೇ ಬಡೀತಿದ್ರಿ,
ಜಾಳಿಗಿ ಕಿಟಕಿ ಆಚೆ ಇಪ್ಪತ್ನಾಲ್ಕು ಮಗ್ಗ.
ಏಳನೇದ್ದು ನಮ್ಮಪ್ಪಂದು.
ಮಗ್ಗ ಗುಜರಿಗೆ ಹೋಗಿ ಮೂರು ವರ್ಷ,
ಕಿಲೋಕ್ಕ ಇಷ್ಟು ಅಂತ ತೂಗಿ ಕೊಟ್ರು.
ಅದರ ಹತ್ತಿ ಇಲ್ಲಿ ಇನ್ನೂ ಬೆಚ್ಚಗ ಕುಂತೈತಿ.

ಕಡೀಗೆ ಅಪ್ಪಗ ಕುತಿಗಿ ಎತ್ತಾಕ ಬರತಿರಲಿಲ್ಲ.
ಹರದ ಎಳಿಗೆ ಬಗ್ಗಿ ಬಗ್ಗಿ ಗಂಟು ಹಾಕಿ
ನೆಲಾ ನೋಡಕೋತನೇ ಮಾತಾಡತಿದ್ದ.
ನನ್ನ ಮಾರಿ ನೋಡಬೇಕಂದ್ರ
ನಾನೇ ಕೆಳಗ ಕುಂದರತಿದ್ದೆ.
ಅದಕ್ಕ ಹೇಳತೀನಿ, ಆಕಿಗೆ ಹೇಳ್ರಿ,
ಪರದೆ ಕಣ್ಣಿನ ಸಮಕ್ಕ ಬರಲಿ.
ಬ್ಯಾರೆ ಕೀಬೋರ್ಡು ಹಳೇದು ಒಂದು ಐತಿ, ಒಯ್ಯರಿ.
ಮಣಿಕಟ್ಟು ಬಾಗಬಾರದು, ಅಂಗಾಲು ನೆಲಕ್ಕ ಹತ್ತಲಿ.
ತಾಸಿಗೊಮ್ಮೆ ಎದ್ದು ಬಾಗಿಲತನ ಬಂದು
ಬೇವಿನ ಗಿಡ ನೋಡಲಿ, ದೂರಂದು ಏನರ ನೋಡಲಿ.
ಲೈಟ್ ಹೋದಾಗರ ಮಗ್ಗಕ್ಕ ಬಿಡುವು ಇರತಿತ್ತು.
ಇದಕ್ಕ ಬ್ಯಾಟರಿ ಐತಿ, ಅದೇ ಕಷ್ಟ.

ಬಾಯಿಲೆ ಊದಬ್ಯಾಡ್ರಿ, ಉಗುಳು ಹಾರತೈತಿ.
ಬ್ರಶ್ಶು ಸಾಕು.
ತಿರಗತು ನೋಡ್ರಿ. ಸಪ್ಪಳ ಇಲ್ಲ.
ಎರಡು ನೂರಾ ಐವತ್ತು. ಬ್ಯಾಟರಿ ರೊಕ್ಕ ಶುಕ್ರವಾರ.
ಕಡಿಮಿ ಇದ್ದ ಎರಡು ಸ್ಕ್ರೂ ನಂದs ಹಾಕೀನಿ,
ಬಣ್ಣ ಬ್ಯಾರೆ, ಅಳತಿ ಸರಿ ಐತಿ.

ಹತ್ತಿ ಯಾಕ ಕೇಳತೀರಿ?
ಅದು ಬಿಲ್ಲಿನ್ಯಾಗ ಇಲ್ಲ.
ಗಾಳಿಗೆ ಹಾರಬಾರದಂತ
ಮ್ಯಾಲ ಚಿಮಟಿಗಿ ಇಟ್ಟೀನಿ, ಅಷ್ಟ.