ಜಗಲಿಯ ಮೂಟೆ

ಮಂಗಳವಾರ, ಹನ್ನೊಂದರ ಪ್ಯಾಸೆಂಜರ್ ಹೋದ ಮೇಲೆ
ರೈಲ್ವೆ ಕ್ವಾರ್ಟರ್ಸಿನ ದಾಕ್ಷಾಯಣಮ್ಮ ಬಂದರು,
ಕೈಯಲ್ಲಿ ಚೀಟಿ ಇಲ್ಲ.
ಹದಿನಾಲ್ಕು ವರ್ಷದಲ್ಲಿ ಚೀಟಿ ಇಲ್ಲದೆ ಬಂದವರಲ್ಲ,
ಐದು ರೂಪಾಯಿ ಸಾಸಿವೆಗೂ ಚೀಟಿ,
ಚೀಟಿಯ ಬೆನ್ನಿಗೆ ಹೋದ ತಿಂಗಳ ಲೆಕ್ಕ.
"ಉಪ್ಪು" ಎಂದರು. ದನಿ ತಗ್ಗಿಸಿ, "ಹತ್ತು."
ಹತ್ತು ರೂಪಾಯಿಯದು ಎಂದುಕೊಂಡೆ.
ಹತ್ತು ಕೆಜಿ.

ಅರಸೀಕೆರೆಯಲ್ಲಿ ಸುದ್ದಿಗೆ ಟಿಕೆಟ್ ಬೇಡ.
ಒಂದು ಪ್ಲಾಟ್‌ಫಾರ್ಮಿನಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುತ್ತದೆ,
ನಡುವೆ ಟೀ ಕುಡಿಯಲು ಊರೊಳಗೆ ಬರುತ್ತದೆ.
ಗುಜರಾತಿನ ಕಡೆ ಉಪ್ಪಿನ ಗದ್ದೆಗೆ ನೀರು ನುಗ್ಗಿತಂತೆ,
ವ್ಯಾಗನ್ನು ಬರೋಲ್ಲವಂತೆ,
ಬಂದರೂ ಕಿಲೋಗೆ ಇನ್ನೂರಂತೆ.
ಮಧ್ಯಾಹ್ನದ ಹೊತ್ತಿಗೆ
ಆ ಮಾತುಗಳ ಬಾಲದ 'ಅಂತೆ' ಉದುರಿಹೋಗಿತ್ತು.

ಅಕ್ಕಿ ಕೇಳಲಿಲ್ಲ ಯಾರೂ, ಬೇಳೆ ಕೇಳಲಿಲ್ಲ.
ಇಬ್ಬರೇ ಇರುವ ಪೋಸ್ಟ್‌ಮಾಸ್ಟರ ಮನೆಗೆ ಆರು ಪ್ಯಾಕೆಟ್.
ಬಿಪಿ ಎಂದು ಉಪ್ಪು ಬಿಟ್ಟ ಗಂಗಾಧರಯ್ಯನವರಿಗೆ ಮೂರು,
"ನನಗಲ್ಲಮ್ಮ, ಬಂದು ಹೋಗುವವರಿಗೆ."
ಓಂಕಾರಪ್ಪ ಮೇಷ್ಟ್ರು ಸೈಕಲ್ಲಿನಿಂದ ಇಳಿಯದೆ, ಒಂದು ಕಾಲೂರಿ,
ದೇಶದ ಮೂರು ದಿಕ್ಕಿಗೂ ಕಡಲಿದೆ, ದಡ್ಡರಾ ನೀವು ಎಂದು
ಸಾಲಿಗೆಲ್ಲ ಪಾಠ ಹೇಳಿ ಹೋದರು.
ಅವರ ಮಗ ಹಿಂದಿನ ಬೀದಿಯ ಅಂಗಡಿಯಲ್ಲಿ
ಎರಡು ಕೈಚೀಲ ಹಿಡಿದು ನಿಂತಿದ್ದನ್ನು
ನಮ್ಮ ಹುಡುಗ ನೋಡಿ ಬಂದ.

ದೀಪ ಹಚ್ಚಿದ ಮೇಲೆ ಉಪ್ಪು ಮಾರುವ ಪದ್ಧತಿಯಿಲ್ಲ ನಮ್ಮಲ್ಲಿ.
ಹೆಸರು ಕೂಡ ಎತ್ತಬಾರದು, 'ರುಚಿ' ಎನ್ನಬೇಕು.
ಅವತ್ತು ರಾತ್ರಿ ಹತ್ತರವರೆಗೆ
ಊರಿಗೆ ಊರೇ ಉಪ್ಪು ಉಪ್ಪು ಎಂದು ಹೆಸರಿಡಿದು ಕೂಗಿತು.
ಪ್ಯಾಕೆಟ್ ಮುಗಿದು ಜಗಲಿಯ ಮೂಟೆಗೆ ಬಂದರು,
ದನಕ್ಕೆ, ಉಪ್ಪಿನಕಾಯಿಗೆ, ತೆಂಗಿನ ಬುಡಕ್ಕೆಂದು ಇಟ್ಟ ಕಲ್ಲುಪ್ಪು.
ಹನ್ನೆರಡು ರೂಪಾಯಿಯದು ಮಾವನ ಬಾಯಲ್ಲಿ
ಇಪ್ಪತ್ತಾಯಿತು, ನಲವತ್ತಾಯಿತು.
ಯಾರೂ ಚೌಕಾಸಿ ಮಾಡಲಿಲ್ಲ.
ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಆ ಮೂಟೆಯ ಮಾತು ಹೇಳಬೇಕು.
ಮಾವನ ಅಪ್ಪನ ಕಾಲದಿಂದ ಅದು ಜಗಲಿಯ ಮೇಲೆಯೇ,
ರಾತ್ರಿ ಮೇಲೊಂದು ಗೋಣಿ, ಗೋಣಿಗೊಂದು ಕಲ್ಲು, ಅಷ್ಟೆ.
ಬಾಗಿಲಿಗೆ ಮೂರು ಬೀಗ, ಉಪ್ಪಿಗೆ ಒಂದೂ ಇಲ್ಲ.
ಉಪ್ಪಿನ ಋಣ ಕದ್ದು ತೀರುವುದಿಲ್ಲವೆಂದು
ಊರ ಕಳ್ಳರಿಗೂ ಗೊತ್ತಿತ್ತು.
ಅವತ್ತು ಮಾವ ಎದೆ ಹಿಡಿದು ಹಿಡಿದು
ಉಳಿದರ್ಧ ಮೂಟೆಯನ್ನು ಒಳಗೆ ಎಳೆದರು.
ಹೊಸ್ತಿಲ ಮೇಲೆ ಬಿಳಿ ಗೆರೆಯೊಂದು ಬಿತ್ತು.
ಬೆಳಿಗ್ಗೆ ಬೀಡಾಡಿ ಹಸು ಬಂದು
ಮೂಟೆ ಕೂತಿದ್ದ ಕಲ್ಲನ್ನು ನೆಕ್ಕುತ್ತಾ ನಿಂತಿತ್ತು.

ಗುರುವಾರ ಲಾರಿ ಬಂತು, ಎಂದಿನಂತೆ.
ಮಳೆಗಾಲಕ್ಕೆ ಅಟ್ಟದ ಪ್ಯಾಕೆಟ್ಟುಗಳು ಬೆವರಿದವು.
ದಾಕ್ಷಾಯಣಮ್ಮ ಏಳನ್ನು ವಾಪಸ್ ತಂದರು, ಚೀಟಿ ಸಮೇತ.
ತಗೊಳ್ಳಲಿಲ್ಲ. ಕ್ವಾರ್ಟರ್ಸಿನ ತೆಂಗಿಗೆ ಹಾಕಿದರಂತೆ,
ಈ ಸಲ ಕಾಯಿ ಜೋರಂತೆ.
ಆದರೂ ಒಂದು ಬೇಕಾದಲ್ಲಿ ಎರಡು ಬರೆಯುತ್ತಾರೆ ಈಗ,
ಬೇಳೆಗೂ, ಬೆಂಕಿಪೊಟ್ಟಣಕ್ಕೂ.
ಮೂಟೆ ಮತ್ತೆ ಹೊರಗೆ ಹೋಗಲಿಲ್ಲ.
"ಇರಲಿ ಬಿಡು" ಎನ್ನುತ್ತಾರೆ ಮಾವ.

ಹೇಳದೆ ಬಿಟ್ಟಿದ್ದು ಒಂದಿದೆ.
ಆ ಮಂಗಳವಾರ ಸಂಜೆ ಮುಬೀನಾ ಬಂದಿದ್ದಳು,
ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸಿ, ಉಗುರು ಕಪ್ಪಾಗಿ.
ದಿನದ ಕೂಲಿಗೆ ದಿನದ ಸಾಮಾನು:
ಒಂದು ಹಿಡಿ ಬೇಳೆ, ಕಾಲು ಸೀಸೆ ಎಣ್ಣೆ, ಎರಡು ರೂಪಾಯಿ ಉಪ್ಪು.
ನಾಳೆಗೆಂದು ಕೊಳ್ಳಲು ಅವಳಲ್ಲಿ ನಾಳೆಯ ದುಡ್ಡಿರಲಿಲ್ಲ.
ಸಾಲಿನಲ್ಲಿ ಎಲ್ಲರ ಹಿಂದೆ ನಿಂತು ಅದನ್ನೇ ಕೇಳಿದಳು.
ಎರಡು ರೂಪಾಯಿಗೆ ನಾನು ಯಾವತ್ತೂ ತೂಗಿದ್ದಿಲ್ಲ,
ಕೈಯಳತೆ, ತುಂಬು ಹಿಡಿ.
ಅವತ್ತು ಮೂಟೆಯೊಳಗೆ ಇಳಿದ ಕೈ
ನನ್ನ ಕೇಳದೆ
ಸಣ್ಣಗೆ ಮುಚ್ಚಿಕೊಂಡಿತು.
ಪೊಟ್ಟಣ ನೋಡಿದಳು. ಸೆರಗಿಗೆ ಗಂಟು ಹಾಕಿದಳು.
ಏನೂ ಅನ್ನಲಿಲ್ಲ.

ಈಗಲೂ ದಿನಾ ಬರುತ್ತಾಳೆ, ನಗುತ್ತಾಳೆ.
ತುಂಬು ಹಿಡಿಯ ಮೇಲೆ ಇನ್ನೊಂದು ಚಿಟಿಕೆ ಹಾಕುತ್ತೇನೆ.
ಅವಳು ಬೇಳೆ ತೂಗುವಾಗ ಬೀದಿ ನೋಡುತ್ತಾಳೆ,
ಎಣ್ಣೆ ಅಳೆಯುವಾಗ ಮಗಳನ್ನು ಕರೆಯುತ್ತಾಳೆ.
ಉಪ್ಪಿಗೆ ಬಂದಾಗ ಮಾತ್ರ
ನನ್ನ ಕೈ ನೋಡುತ್ತಾಳೆ.