ಹನ್ನೆರಡು ಇಪ್ಪತ್ತೊಂದು

ಮಂಡ್ಯದ ಗುತ್ತಲು ರಸ್ತೆ, ನನ್ನ ಮನೆ ತಾರಸಿ ಮೇಲೆ
ಒಂದು ಅಳತೆಗೋಲು ನೆಟ್ಟಿದ್ದೇನೆ.
ಕೆಂಪು ಬಿಳಿ ಪಟ್ಟೆ, ಬುಡಕ್ಕೆ ಎಣ್ಣೆಡಬ್ಬದ ತುಂಬ ಸಿಮೆಂಟು.
ಹಪ್ಪಳಕ್ಕೆ ಕಾಗೆ ಬರದ ಹಾಗೆ ನೆಟ್ಟದ್ದೆಂದು
ಎದುರುಮನೆ ನಿಂಗಾಜಮ್ಮನ ತಿಳಿವಳಿಕೆ.
ಇರಲಿ.

ಮೂವತ್ತೊಂದು ವರ್ಷ ಸರಪಳಿ ಎಳೆದವನು ನಾನು,
ಮೂವತ್ತಮೂರಡಿ, ಹದಿನಾರಾಣೆ.
ಆ ತುದಿ ನನ್ನದು, ಈ ತುದಿ ಸರ್ವೇಯರ್ ಬಷೀರ್ ಸಾಹೇಬರದು,
ನಡುವೆ ಸದಾ ಯಾರದೋ ಜಗಳ.
ಕಬ್ಬಿನ ಗದ್ದೆಯ ಬದುವಿನಲ್ಲಿ ಒಂದು ಮೊಳ,
ನಾಲೆಯ ಏರಿ ಮೇಲೆ ಅರ್ಧ ಗುಂಟೆ.
ಒಮ್ಮೆ ಹೊಳಲಿನಲ್ಲಿ, ಸಂಕ್ರಾಂತಿ ಕಳೆದ ವಾರ,
ಜಗಳ ಒಂದು ತೆಂಗಿನ ಮರದ ನೆರಳಿಗೆ:
ಮರ ಅಣ್ಣನದು,
ನೆರಳು ಬೀಳುವುದು ಬಡಗಲಲ್ಲಿದ್ದ ತಮ್ಮನ ಒಟ್ಲುಪಾತಿಗೆ.

ಸಾಹೇಬರು ಕಲ್ಲು ನೆಡಲಿಲ್ಲ, ನೆರಳು ನೋಡುತ್ತ ನಿಂತರು.
"ವಾಚಲ್ಲಿ ಹನ್ನೆರಡಾದ್ರೆ ನಮ್ಮೂರ್ಗೆ ಮಧ್ಯಾಹ್ನ ಆಗಲ್ಲ ಕಣಯ್ಯ ಜವರ.
ಇನ್ನೂ ಇಪ್ಪತ್ತೋ ಮೂವತ್ತೋ ನಿಮಿಷ ಕಾಯ್ಬೇಕು.
ಆಗ ಗೆರೆಗೆ ಬರ್ತದೆ ಇದು."
ಯಾವ ಗೆರೆ ಅಂದೆ.
"ಪಹಣಿ ಇಲ್ಲದ್ದು."

ಬುತ್ತಿ ಬಿಚ್ಚಿದಾಗ, ಪುಸ್ತಕದ ಕೊನೆಯ ಹಾಳೆಯಲ್ಲಿ
ಕ್ರಯಪತ್ರಕ್ಕೆ ಬರೆದ ಹಾಗೆ
ಚಕ್ಕುಬಂದಿ ಬರೆದುಕೊಟ್ಟರು.

ಉತ್ತರಕ್ಕೆ: ಬಳ್ಳಾರಿಯ ಕೆಂಪು ದೂಳು. ಅಕೋಲದ ಹತ್ತಿ. ಪಾಣಿಪತ್ತು.
ಬೆಟ್ಟದ ನಡುವೆ ಮಂಡಿ ಎಂಬ ಊರು
(ನಮ್ಮದರ ಬಾಲ ಯಾರೋ ಕತ್ತರಿಸಿದ್ದಾರೆ ಅಂದೆ, ನಕ್ಕರು).
ಹಿಮ. ಹಿಮದಾಚೆ ಚಳಿಗೂ ಹೆಪ್ಪುಗಟ್ಟದ ಒಂದು ಕೆರೆ.
ಆಮೇಲೆ ಅಲ್ಮಾಟಿ.
ಕೃಷ್ಣೆಯ ಆಲಮಟ್ಟಿ ಅಂದುಕೊಂಡೆ. ಅಲ್ಲವಂತೆ,
ಅಲ್ಲಿ ಸೇಬು ಬೆಳೆಯುತ್ತಾರಂತೆ.
ಜೌಗು, ಜೌಗು, ಮತ್ತೆ ಜೌಗು, ಮಂಜಿನ ಕಡಲು.
ತುತ್ತತುದಿಗೆ ಎಲ್ಲ ಗೆರೆಗಳೂ ಬಂದು ಕೂಡುವ ಜಾಗ.
ಮೂರೂರ ಗಡಿ ಕೂಡಿದರೆ ಕಲ್ಲು ನೆಡುತ್ತೇವೆ.
ಅಲ್ಲಿ ನೆಡಲು ನೆಲವೇ ಇಲ್ಲ.

ದಕ್ಷಿಣಕ್ಕೆ: ಚಾಮರಾಜನಗರ. ಕೊಯಮತ್ತೂರಿನ ಮಗ್ಗ.
ತಿರುವನಂತಪುರದಾಚೆ ಬಲೆ ಒಣಗಿಹಾಕಿದ ಮರಳು.
ಅಲ್ಲಿಂದ ನೀರು.
ಎಷ್ಟು ಸರಪಳಿ, ಸಾಹೇಬರೆ?
ಅಂಗೈಯಲ್ಲೇ ಲೆಕ್ಕ ಹಾಕಿದರು:
ಎಂಟೂವರೆ ಲಕ್ಷ, ಮೇಲೆ ಚಿಲ್ಲರೆ.
ಅಷ್ಟುದ್ದಕ್ಕೆ ಒಂದು ಬದುವಿಲ್ಲ, ಒಂದು ತಕರಾರು ಅರ್ಜಿಯಿಲ್ಲ.
ಆಮೇಲೆ ಬರೀ ಬಿಳುಪು.

ಪೂರ್ವಕ್ಕೆ, ಪಶ್ಚಿಮಕ್ಕೆ: ಏನೂ ಇಲ್ಲ.
ಗೆರೆಗೆ ಅಗಲವಿಲ್ಲ.

ಆ ಹೊತ್ತಿಗೆ ಅಣ್ಣ ತಮ್ಮ ಇಬ್ಬರೂ ಬೈಯುತ್ತ ಬಂದರು.
ಸಾಹೇಬರು ಕೈ ತೊಳೆದು ವಾಯಿದೆ ಕೊಟ್ಟರು:
ಮೇ ತಿಂಗಳಲ್ಲಿ ಬರ್ತೀವಿ, ಇದೇ ಹೊತ್ತಿಗೆ.
ಮೇ ಹೊತ್ತಿಗೆ ನನಗೆ ಮಳವಳ್ಳಿಗೆ ವರ್ಗವಾಗಿತ್ತು.

ಸಾಹೇಬರು ಹೋಗಿ ಆರು ವರ್ಷ.
ಕೋಲು ಅವರದು. ಮಗಳು ಫಾತಿಮುನ್ನೀಸಾ
ಆಟೋದಲ್ಲಿ ಅಡ್ಡ ಹಾಕಿಕೊಂಡು ತಂದುಕೊಟ್ಟಳು.
ದಿನಾ ಮಧ್ಯಾಹ್ನ ನೆರಳ ತುದಿಗೆ ಸೀಮೆಸುಣ್ಣದ ಚುಕ್ಕಿ ಇಡುತ್ತೇನೆ.
ಮಂಡಿ ಹಿಡಿಯುತ್ತದೆ (ಊರಲ್ಲ, ಕಾಲಿನದು).
ಡಿಸೆಂಬರಿನಲ್ಲಿ ಬಡಗಲಿಗೆ ಉದ್ದ ಚಾಚಿದ್ದು
ದಿನಕ್ಕಿಷ್ಟು ಹಿಂದೆ ಸರಿದು ಸರಿದು
ಏಪ್ರಿಲ್ ಇಪ್ಪತ್ತಮೂರು, ಹನ್ನೆರಡು ಇಪ್ಪತ್ತೊಂದು,
ಕೋಲಿಗೆ ನೆರಳೇ ಇಲ್ಲ.
ನನಗೂ ಇಲ್ಲ, ಕಾಲ ಕೆಳಗೆ ಸಗಣಿ ಬೊಟ್ಟಿನಷ್ಟು ಕಪ್ಪು.
ಮಾರನೆಯ ದಿನ ಒಂದು ಬೆರಳು,
ಆದರೆ ತೆಂಕಲಿಗೆ.
ಸೇಬಿನೂರಿಗೆ ಬೆನ್ನು ಮಾಡಿ
ನೀರಿನ ಕಡೆ.

ಆಗ ತಿಳಿಯಿತು ಹೊಳಲಿನ ವಾಯಿದೆ.
ಮೇ ತಿಂಗಳಲ್ಲಿ, ಇದೇ ಹೊತ್ತಿಗೆ,
ಆ ಮರದ ನೆರಳು ಅಣ್ಣನ ನೆಲದಲ್ಲೇ ಬಿದ್ದಿರುತ್ತದೆ.
ಸಾಹೇಬರು ಒಬ್ಬರೇ ಹೋಗಿದ್ದರೋ,
ಆ ತುದಿ ಯಾರು ಹಿಡಿದರೋ.

"ಕಾಗೆ ಬಂದಿತ್ತಾ ಜವರಣ್ಣ, ಅಂಗೆ ಬಗ್ಗಿ ಕುಂತಿದ್ದೀಯ?"
ಇಲ್ಲ ಕಣವ್ವ,
ಈಗತಾನೆ ಮಧ್ಯಾಹ್ನ ಬಂತು.